ತೂಕದ ಲೆಕ್ಕ

ಸಾವಕಾರ ನೂಲು ತೂಗಿ ಕೊಡತಾನ,
ಖಣ ತೂಗಿ ತಗೋತಾನ.
ನಡುವ ಕಡಿಮಿ ಬಿದ್ದದ್ದು ನನ್ನ ಹೆಸರಿಗೆ.
ಗುಳೇದಗುಡ್ಡದಾಗ ನೇಕಾರ ಅಂದ್ರ ಇಷ್ಟ:
ಎರಡು ತಕ್ಕಡಿ, ನಡುವ ಒಂದು ಕುಣಿ,
ಕುಣಿಯೊಳಗ ಎರಡು ಕಾಲು.

ಆ ವರ್ಷ ವಾರಾ ವಾರಾ
ನಾಕು ಗ್ರಾಂ, ಆರು ಗ್ರಾಂ.
ಇಲಿ ಅಂದೆ. ತ್ಯಾವ ಆರೇತಿ ಅಂದೆ.
ಸಾವಕಾರ ನಕ್ಕು ವಹಿಯೊಳಗ ಕೆಂಪು ಶಾಯಿ ಹಚ್ಚಿದ.
ಕಂಡಕಿ ಸುತ್ತಲಿಕ್ಕೆ ಬರತಿದ್ದ ನೀಲಮ್ಮಾಯಿಗೆ
ನಾನ ಅಂದೆ, ಉಡಿ ಝಾಡಿಸು ಅಂತ.
ಮುದುಕಿ ಝಾಡಿಸಿದಳು.
ಎರಡು ಅಡಕಿ ಹೋಳು, ಬಾದಾಮಿಯ ಒಂದು ಬಸ್ ಟಿಕೀಟು.
ಮರುದಿನ ಬರಲಿಲ್ಲ.

ಮಗಳ ಹೆಸರು ಶಾಕಂಬರಿ.
ಹೆಸರಿನ ತುಂಬ ಕಾಯಿಪಲ್ಲೆ,
ತಾಟಿನಾಗ ಮಾತ್ರ ಮೆಂತ್ಯದ ಎಲಿ ಅಂಚಿಗೆ ಸರಸತಿದ್ದಳು.
ಮಗ್ಗದ ಬಾಜೂಕ ಕುಂತು
ಹರದ ಎಳಿ ಬಾಯಾಗ ಇಟಗೊಂಡು ಶಾಲಿ ಅಭ್ಯಾಸ.
ಎಳಿ ತುಟಿಗೆ ಹಚ್ಚಿ ಒದ್ದಿ ಮಾಡೂದು, ಗಂಟು ಹಾಕೂದು
ನಾವೆಲ್ಲಾ ಮಾಡತೇವಿ.
ನೇಕಾರ ಮನಿ ಕೂಸು, ಅದರಾಗೇನು ಅಂತ ಬಿಟ್ಟೆ.

ಹೊಟ್ಟಿ ಉಬ್ಬಿತು. ಜಂತಿನ ಔಷಧ ಕುಡಿಸಿದೆ,
ಅಜವಾನ ಜಗಿಸಿದೆ, ಹೊಕ್ಕಳಕ್ಕ ಇಂಗು ಹಚ್ಚಿದೆ.
ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಒಗದರ
ಘಾಟ ಬರಲಿಲ್ಲ.
ನೋಡು, ದೃಷ್ಟಿನ ಆಗಿತ್ತು, ಅಂದಳು ನನ್ನವ್ವ ಸಮಾಧಾನದಲೆ.
ನಾಕನೇ ದಿನ ಗುಟುಕು ನೀರು ಸುದ್ದಾ ನಿಲ್ಲವಲ್ಲದು,
ಹಸರ ವಾಂತಿ,
ಕೆಳಗ ಗಾಳಿ ಸುದ್ದಾ ಬಂದ್.

ನವನಗರದ ದವಾಖಾನಿ. ಮೂರನೇ ಮಾಳಿಗಿ.
ಹಂಚಿನಮನಿ ಡಾಕ್ಟರ್ ಫೋಟೋ ಬೆಳಕಿಗೆ ಹಿಡಿದು ಕೇಳಿದರು:
ಕೂಸು ಏನೇನು ತಿಂತೈತಿ?
ರೊಟ್ಟಿ, ಅನ್ನ, ಅಂದೆ.
ಅದಲ್ಲ.
ಒಳಗ ಒಯ್ದರು.
ಕಿಡಕ್ಯಾಗ ದೂರ ಹಿನ್ನೀರು:
ಮುಂದ ಹಾದಿ ಇಲ್ಲದ ಹೊಳಿ ಹಿಂದಕ್ಕ ಹತ್ತಿ
ಯಾರದೋ ಓಣಿ, ಯಾರದೋ ಕಟ್ಟಿ ಮ್ಯಾಲ ನಿಂತಿತ್ತು.
ಅದರ ಕಡೆ ಬೆನ್ನು ಮಾಡಿ ಕುಂತೆ.

ಸ್ಟೀಲಿನ ತಾಟಿನಾಗ ತಂದು ತೋರಿಸಿದರು.
ಹೊಟ್ಟಿ ಅಚ್ಚಿನ್ಯಾಗ ಎರಕ ಹೊಯ್ದಂಗ,
ಅದಕ್ಕೊಂದು ಬಾಲ, ಸಣ್ಣಗರುಳಿಗೆ ಇಳದದ್ದು.
ನಾತಕ್ಕ ವಾರ್ಡಬಾಯ್ ಮೂಗು ಮುಚ್ಚಿದ.
ನಾ ಬಗ್ಗಿ ನೋಡಿದೆ. ನೇಕಾರನ ಕಣ್ಣು, ಏನು ಮಾಡೂದು.
ಇದು ದೀಪಾವಳಿ ಮುಂಚಿನ ಗಿಳಿಹಸರು.
ಇದು ಬಣ್ಣ ಬಿಟ್ಟು ವಾಪಸ ಬಂದ ಕುಂಕುಮಗೆಂಪು.
ಇದು ಆ ಹುಬ್ಬಳ್ಳಿ ಮದವಿಯ ಲಾಟು.
ತೂಗ್ರಿ, ಅಂದೆ.
ಡಾಕ್ಟರ್ ನನ್ನ ಮಾರಿ ನೋಡಿದರು.
ತೂಗಿದರು. ನಾಕನೂರಾ ಹತ್ತು.

ನನ್ನ ಲೆಕ್ಕದಾಗ ಇನ್ನೂರಾ ಅರವತ್ತರ ಮ್ಯಾಲ ಇಲ್ಲ.
ಉಳಿದದ್ದು ಕೂದಲ, ಅಂದರು. ಮಾರುದ್ದದ ಕೂದಲ.
ಶಾಕಂಬರಿ ಜಡಿ ಹೆಗಲು ಮುಟ್ಟೂದಿಲ್ಲ.

ಅವರವ್ವ ಹಣಿಗಿಗೆ ಬಂದ ಕೂದಲ ಬೆರಳಿಗೆ ಸುತ್ತಿ
ಹಿತ್ತಲ ಗ್ವಾಡಿ ಸಂದ್ಯಾಗ ತುರಕತಿದ್ದಳು,
ಪಿನ್ನಾ ಕೊಡಾಂವ ಬಂದಾಗ ಹಾಕಲಿಕ್ಕೆ.
ಅಕಿ ಹೋಗಿ ಎರಡು ವರ್ಷ.
ಪಿನ್ನಾದಾಂವ ಕೂಗಿ ಕೂಗಿ ಮುಂದ ಹೋಗತಿದ್ದ,
ನಾ ಲಾಳಿ ಒಗೀತಿದ್ದೆ.
ರಾತ್ರಿ ಬಂದು ಬ್ಯಾಟರಿ ಹಿಡದು ಸಂದಿ ನೋಡಿದೆ.
ಖಾಲಿ. ಒಂದು ಜೇಡರ ಬಲಿ ಇತ್ತು.

ಹೊಲಿಗಿ ಬಿಚ್ಚಿದ ಮ್ಯಾಲ
ತೂಕದ ಚೀಟಿ ಕಿಸೇದಾಗ ಇಟಗೊಂಡು
ಮಗಳ ಕೈ ಹಿಡದು ನೀಲಮ್ಮಾಯಿ ಬಾಗಲಕ್ಕ ಹೋದೆ.
ಚೀಟಿ ಅಕಿಗೆ ಓದಲಿಕ್ಕೆ ಬರೂದಿಲ್ಲ, ಅದು ಹೊಳೀಲೇ ಇಲ್ಲ.
ಮುದುಕಿ ನಮ್ಮನ್ನ ನೋಡಿದಳು,
ಎದ್ದು ನಿಂತು ಸೆರಗಿಗೆ ಕೈ ಹಾಕಿ
ಮತ್ತ ಝಾಡಿಸಲೇನು, ಅಂದಳು.
ನಗಲಿಲ್ಲ.
ನನ್ನ ಬಾಯಾಗಿನ ಮಾತು ಅಲ್ಲೇ ಸಿಕ್ಕೊಂಡಿತು.

ಶಾಕಂಬರಿ ಕೈ ಬಿಡಿಸಿಕೊಂಡು ಒಳಗ ಹೋಗಿ
ಅಕಿ ಕುಂತ ಮ್ಯಾಲ ಅಕಿ ಉಡಿಯೊಳಗ ಕುಂತಳು.
ಹರದ ಸೆರಗಿನ ಎಳಿ ಕಡೆ ಬೆರಳು ಸರೀತು.
ನೀಲಮ್ಮಾಯಿ ಕಂಡಳು, ಬಡೀಲಿಲ್ಲ,
ಗಡಿಗ್ಯಾಗ ಕೈ ಹಾಕಿ
ಒಂದು ತುಣುಕು ಬೆಲ್ಲ ಆ ಬಾಯಿಗೆ ಇಟ್ಟಳು.