ಶುಕ್ರವಾರ, ಹತ್ತು ಗಂಟೆ

ಈ ಸಲ ನಾನೇ ಬಂದಿದ್ದೇನೆ, ತೆಕ್ಲಾ,
ನಿನ್ನ ಹತ್ತು ಗಂಟೆಗೆ.
ಕುರ್ಚಿಯಿಲ್ಲ, ಕನ್ನಡಿಯಿಲ್ಲ.
ಶವಾಗಾರದ ಹಿಂದಿನ ಕೋಣೆಯಲ್ಲಿ
ನೀನು ಅಂಗಾತ, ನಾನು ತಲೆಯ ಕಡೆ,
ಬಿಸಿನೀರಿನ ಬೋಗುಣಿ, ಸುರುಳಿಗಳ ಡಬ್ಬ.
ಹೊರಗೆ ಮೈನಸ್ ಮೂವತ್ತು. ಸಸ್ಕಾಚೆವಾನಿನ ಕಾರುಗಳೆಲ್ಲ
ಎಂಜಿನ್ ಹೆಪ್ಪುಗಟ್ಟದಿರಲೆಂದು
ಕರೆಂಟಿನ ವೈರಿಗೆ ಕಟ್ಟಿದ ದನಗಳಂತೆ ನಿಂತಿವೆ.

ಮೂವತ್ತೊಂದು ವರ್ಷ ಈ ತಲೆಯನ್ನು ತೊಳೆದಿದ್ದೇನೆ.
ಎಡಗಿವಿಯ ಹಿಂದಿನ ಸುಳಿ ಗೊತ್ತು,
ಹಸು ಒದ್ದ ಗಾಯದ ಬೋಳು ಗೊತ್ತು.
"ಹಸುವಿನ ತಪ್ಪಲ್ಲ" ಎನ್ನುತ್ತಿದ್ದೆ,
"ಮಾತಿನ ಭರದಲ್ಲಿ ನಾನೇ ಜೋರಾಗಿ ಹಿಂಡಿಬಿಟ್ಟೆ."

ಏನು ಮಾತು ನಿನ್ನದು!
ಡ್ರೈಯರಿನ ಸದ್ದನ್ನೂ ಮೀರಿ ಕೂಗುತ್ತಿದ್ದೆ.
ಪಕ್ಕದ ಕುರ್ಚಿಯವಳು ಹೊಸಬಳಾದರೆ
ಶಾಂಪೂ ತೊಳೆಯುವಷ್ಟರಲ್ಲಿ ಅವಳ ಅತ್ತೆಯ ಹೆಸರು ನಿನ್ನ ಬಾಯಲ್ಲಿ,
ಸುರುಳಿ ಬಿಚ್ಚುವಷ್ಟರಲ್ಲಿ
ಭಾನುವಾರದ ಊಟಕ್ಕೆ ಅವಳು ನಿನ್ನ ಮನೆಯಲ್ಲಿ.
ಈ ಊರಿನ ಮುನ್ನೂರ ಹನ್ನೆರಡು ಜನರ ಹುಟ್ಟುಹಬ್ಬ
ನಿನಗೆ ಬಾಯಿಪಾಠ,
ನಾಯಿಗಳದ್ದು ಬೇರೆ.

ನೆಸ್ಟರ್ ಮಾತ್ರ ಮಾತಿಲ್ಲದ ಮನುಷ್ಯ.
ಧಾನ್ಯದ ಉಗ್ರಾಣದಲ್ಲಿ ನಲವತ್ತು ವರ್ಷ
ಗೋಧಿಯ ತೂಕ ಬರೆದು ಬರೆದು
ಮಾತನ್ನೂ ತೂಗಿಯೇ ಕೊಡುತ್ತಿದ್ದ.
ಮದುವೆಗೆ ಕೇಳಿದ್ದೂ ಒಂದೇ ಸಾಲಂತೆ:
"ನಮ್ಮ ಒಲೆಯ ಪಕ್ಕ ಜಾಗ ಇದೆ."
ಅಷ್ಟಕ್ಕೇ ಒಪ್ಪಿಬಿಟ್ಟೆಯಾ ಎಂದರೆ
"ಇಬ್ಬರೂ ಆಡುವವರಾದರೆ ಕೇಳುವವರು ಯಾರೇ?" ಎಂದು ನಕ್ಕಿದ್ದೆ.

ಅವನ ಕೊನೆಯ ಆರು ವರ್ಷ,
ಒಂದೊಂದೇ ಹೆಸರು ಉದುರಿ
ಕಡೆಗೆ ನಿನ್ನದೂ ಉದುರಿದ ಮೇಲೆ,
ದಿನಾ ಬೆಳಗ್ಗೆ ಅವನೆದುರು ನಿಂತು ಕೈ ಚಾಚುತ್ತಿದ್ದೆ:
"ನಾನು ತೆಕ್ಲಾ. ಒಲೆಯ ಪಕ್ಕ ಜಾಗ ಇದೆಯಂತಲ್ಲ?"
ಅವನು ಸರಿದು ಕೂರುತ್ತಿದ್ದ.
ದಿನಾ.
ಇದನ್ನು ಹೇಳುವಾಗ ಮಾತ್ರ
ಡ್ರೈಯರ್ ನಿಲ್ಲಿಸು ಎಂದೆ ನೀನು.

ಮಕ್ಕಳ ಸುದ್ದಿಯಂತೂ ವಾರ ವಾರ ಬಿಸಿ ಬಿಸಿ.
ಒರೆಸ್ಟನ ಟ್ರಕ್ಕು, ಮರೂಸ್ಯಾಳ ಎರಡನೇ ಗಂಡ,
ಕಿರಿಯವನು ಟೆಡ್ ಕೊಂಡ ಬೆಲೆಬಾಳುವ ಹಲ್ಲು.
ಮೂವರು ಅಂದುಕೊಂಡಿದ್ದೆ.
ಮೊನ್ನೆ ಪತ್ರಿಕೆಯಲ್ಲಿ, ನಿನ್ನ ಚಿತ್ರದ ಕೆಳಗೆ
ನಾಲ್ಕನೆಯ ಹೆಸರಿತ್ತು:
ಲೆಸ್ಯಾ, ಹನ್ನೊಂದು ದಿನ, ಮಾರ್ಚ್.

ವರ್ಷಕ್ಕೊಂದು ಶುಕ್ರವಾರ, ಮಾರ್ಚಿನಲ್ಲಿ,
"ಇವತ್ತು ಸ್ಪ್ರೇ ಬೇಡ, ಹೇಗೂ ಗಾಳಿಗೆ ಕೆಡುತ್ತದೆ"
ಎನ್ನುತ್ತಿದ್ದೆಯಲ್ಲ.
ಮನೆಗೆ ಎರಡೇ ಬೀದಿ. ಯಾವ ಗಾಳಿ ಎಂದು
ನಾನು ಒಮ್ಮೆಯೂ ಕೇಳಲಿಲ್ಲ.
ಗುಡ್ಡದ ಮೇಲಿನ ಸ್ಮಶಾನಕ್ಕೆ ಬೇಲಿಯಿಲ್ಲ, ಮರವಿಲ್ಲ,
ಗಾಳಿಯೊಂದೇ ಇದೆ.

ಸರಿ, ಈಗ ನನ್ನ ಸರದಿ. ಕೇಳು.
ಬೇಕರಿಯ ಸೊಸೆಗೆ ಅವಳಿ.
ಕರ್ಲಿಂಗ್ ಅಂಗಣದ ಸೂರು ಮತ್ತೆ ಸೋರುತ್ತಿದೆ.
ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಗಿಯ ಅಂಚು ಒತ್ತಲು
ನಿನ್ನ ಜಾಗದಲ್ಲಿ ವಿಲ್ಮಾ ಕೂತಿದ್ದಾಳೆ.
ಅಯ್ಯೋ, ಕೇಳಬೇಡ. ಕುದಿಯುವ ನೀರಿಗೆ ಬಿದ್ದದ್ದೇ ತಡ
ಆಲೂಗೆಡ್ಡೆಯೆಲ್ಲ ಪಾತ್ರೆಯ ಪಾಲು.

ಹೇಗಿರಬೇಕೆಂದು ಮರೂಸ್ಯಾ ಒಂದು ಫೋಟೋ ಕೊಟ್ಟಿದ್ದಾಳೆ.
ಮಗುಚಿಟ್ಟಿದ್ದೇನೆ.
ನಿನ್ನ ತಲೆಗೆ ಫೋಟೋ ನೋಡಬೇಕೆ ನಾನು?
ಮುಂದಷ್ಟು ಸಾಕು, ಹಿಂದೆ ಯಾರೂ ನೋಡುವುದಿಲ್ಲ
ಎಂದ ಆ ಹುಡುಗ, ಕಪ್ಪು ಕೋಟಿನವನು.
ಅವನಿಗೇನು ಗೊತ್ತು.
"ಚರ್ಚಿನಲ್ಲಿ ಹಿಂದಿನಿಂದ ನೋಡುವವರೇ ಹೆಚ್ಚು" ಎಂದವಳು ನೀನು.
ದಿಂಬಿಗೆ ಒರಗುವ ಕಡೆಗೂ
ಆರು ಸುರುಳಿ ಸುತ್ತಿದ್ದೇನೆ.

ಮುಂದಿನ ಶುಕ್ರವಾರ ಹತ್ತಕ್ಕೆ
ಔಷಧಿ ಅಂಗಡಿಯವನ ಹೆಂಡತಿಯನ್ನು ಬರೆದುಕೊಂಡಿದ್ದೇನೆ.
ಬಂದು ತಿಂಗಳಾಯಿತು, ಯಾರ ಪರಿಚಯವೂ ಇಲ್ಲ,
ತಲೆ ತಗ್ಗಿಸಿ ನಡೆಯುತ್ತಾಳೆ.
ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತಲ್ಲ.
ಶಾಂಪೂ ಹಾಕುತ್ತಾ
ಮೊದಲು ಅವಳ ಅತ್ತೆಯ ಹೆಸರು ಕೇಳುತ್ತೇನೆ.