ಹತ್ತು ಸಾವಿರ ಲಕ್ಸ್

ಕ್ಲಾಕ್ಸ್‌ವಿಕ್ಕಿನಲ್ಲಿ ಡಿಸೆಂಬರಿನ ಹಗಲು
ಒಲೆಯ ಮೇಲಿಟ್ಟ ಹಾಲಿನ ಹಾಗೆ:
ತಿರುಗಿ ನೋಡುವಷ್ಟರಲ್ಲಿ ಉಕ್ಕಿ ಮುಗಿದಿರುತ್ತದೆ.

ಡಾಕ್ಟರು ಕೊಟ್ಟ ದೀಪ, ಮುಖದಿಂದ ಒಂದು ಮೊಳ ದೂರ.
ಬೆಳಿಗ್ಗೆ ಏಳಕ್ಕೆ, ಅರ್ಧ ಗಂಟೆ.
ದಿಟ್ಟಿಸಬೇಡಿ, ಮಾತ್ರೆ ಬಿಡಬೇಡಿ ಎಂದಿದ್ದರು.
ಕೂತೆ,
ಫೆರ್ರಿ ತಪ್ಪಿಸಿಕೊಂಡವಳು ಬಂದರಿನಲ್ಲಿ ಕೂತ ಹಾಗೆ.

ಅಕ್ಕ ಸನ್ನೇವಾ ಯಾವುದೋ ಹಳದಿ ಹೂವಿನ ಕಷಾಯ ತಂದಳು.
ಮಾತ್ರೆಗೂ ಅದಕ್ಕೂ ಆಗಿಬರುವುದಿಲ್ಲವಂತೆ.
ಅವಳೆದುರು ತುಟಿಗೆ ಮುಟ್ಟಿಸಿ
ಆಮೇಲೆ ಸಿಂಕಿಗೆ ಸುರಿದೆ.
ಮಫ್ಲರ್ ಹೆಣೆ ಎಂದರು, ಹೆಣೆದೆ.
ಹನ್ನೊಂದು ಗೇಣಾಯಿತು.
ನಿಲ್ಲಿಸುವುದು ಹೇಗೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.

ದೀಪ ಹಿಡಿಸಿದ್ದು ಬೆಕ್ಕಿಗೆ ಮಾತ್ರ.
ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿತು,
ಯಾವ ಕಾಯಿಲೆಯೂ ಇಲ್ಲದೆ.

ಆರನೇ ವಾರವೋ ಏಳನೆಯದೋ,
ಕಿಟಕಿಯ ಜೆರೇನಿಯಂ ಕಣ್ಣಿಗೆ ಬಿತ್ತು.
ಗಾಜಿಗೆ, ಸಮುದ್ರಕ್ಕೆ, ಊರಿಗೆಲ್ಲ ಬೆನ್ನು ಹಾಕಿ
ಇಡೀ ಮೈ ನನ್ನ ದೀಪದ ಕಡೆ ವಾಲಿತ್ತು.
ನಾಚಿಕೆ ಗೀಚಿಕೆ ಏನಿಲ್ಲ.

ಕುರ್ಚಿ ಸ್ವಲ್ಪ ಸರಿಸಿದೆ.
ಕುಂಡ ಎತ್ತಿ ಪಕ್ಕದಲ್ಲಿಟ್ಟುಕೊಂಡೆ.
ಬೆರಳಿಟ್ಟು ನೋಡಿದರೆ ಮಣ್ಣು ಒಣಗಿ ಕಲ್ಲು.
ನೀರು ತರಬೇಕಿತ್ತು.
ಅಷ್ಟಕ್ಕೇ, ಆ ದಿನ,
ಎದ್ದೆ.