ಲೈನ್‌ಮನ್ ಮನೆಯ ಫೋನು

ತೋವಿನಕೆರೆ ಲೈನಿನ ಮೇಲೆ ಹುಣಸೆ ಕೊಂಬೆ ಬಿದ್ದು
ಆರಕ್ಕೆ ಹೋದ ಕರೆಂಟು ಒಂಬತ್ತಕ್ಕೆ ಬಂತು.
ಬಂದದ್ದು ತಂತಿಗೆ. ಮನೆಯೊಳಗಿನವು ಕೆಲವು
ಮುನಿಸಿಕೊಂಡು ಮಲಗೇ ಇದ್ದವು.

ಇವರ ಫೋನು ಮನೆಯಲ್ಲೇ.
ಕಂಬ ಹತ್ತುವಾಗ ಜೇಬಲ್ಲಿ ಏನೂ ಇರಬಾರದು, ಅದು ಇವರ ಶಾಸ್ತ್ರ.
ಕಂಬದರಂಗಯ್ಯ ಎಂದು ಹೆಸರಿಟ್ಟಾಗ ನಮ್ಮತ್ತೆ ನೆನೆದದ್ದು
ದೇವರ ಕಂಬ, ಬೆಸ್ಕಾಂ ಕಂಬವಲ್ಲ.

“ರಂಗಣ್ಣ, ಟಿವಿ ಕೆಂಪು ದೀಪ ಮಿಟುಕಿಸ್ತದೆ ಅಷ್ಟೆ.”
ರಂಗಣ್ಣ ಇಲ್ಲ, ನಾನು. ಪ್ಲಗ್ಗು ಕೀಳು.
ಈಗ ಟಿವಿಯ ಗುಂಡಿ ಒತ್ತಿ ಹಿಡಿದು ಮೂವತ್ತು ಎಣಿಸು.
“ಪ್ಲಗ್ಗೇ ಇಲ್ಲದೆ ಒತ್ತಿದರೆ ಏನಕ್ಕ ಬಂತು?”
ಹಳೇ ಕರೆಂಟು ಒಂದಿಷ್ಟು ಒಳಗೇ ಕೂತಿರುತ್ತೆ ಕಣೋ,
ಅದು ಎದ್ದು ಹೋಗಬೇಕು.
ಜೋರಾಗಿ ಎಣಿಸಿದ. ಹದಿನೇಳಾದ ಮೇಲೆ ಹತ್ತೊಂಬತ್ತು.
ನಾನು ತಿದ್ದಲಿಲ್ಲ.
“ಬಂತು!” ಎಂದವನ ಬೆನ್ನಿಗೇ
ಅಡುಗೆ ಎಣ್ಣೆಯ ಜಾಹೀರಾತು.

ಸಣ್ಣಮ್ಮನ ಮಿಕ್ಸಿ ವಡೆ ಹಿಟ್ಟಿನ ನಡುವೆ ನಿಂತಿತ್ತು.
ಜಾರು ತೆಗೆದು ಬೋರಲು ಹಾಕು, ಬುಡದಲ್ಲಿ ಕೆಂಪು ಗುಂಡಿ ನೋಡು.
“ಹನ್ನೆರಡು ವರ್ಷ ಒರೆಸಿದ್ದೀನಿ ಕಣೆ,
ಇದನ್ನ ನೋಡೇ ಇಲ್ಲ!”

ಬೇಕರಿ ಮುನೀರನಿಗೆ ಐಸ್‌ಕ್ರೀಮಿನ ಚಿಂತೆ.
ಐದು ನಿಮಿಷ ಸುಮ್ಮನೆ ಬಿಡಪ್ಪ ಆ ಫ್ರಿಜ್ಜನ್ನ,
ಪದೇ ಪದೇ ತಟ್ಟಿ ಎಬ್ಬಿಸಿದರೆ ಸುಟ್ಟೇ ಹೋಗುತ್ತೆ.
ಐದು ನಿಮಿಷದಲ್ಲಿ ಮೂರು ಸಲ ಫೋನು ಮಾಡಿದ.

ಆಮೇಲೆ ಹೈಸ್ಕೂಲು ಮೇಡಂ. ಸಣ್ಣ ದನಿ.
“ಸೆಟ್‌ಟಾಪ್ ಬಾಕ್ಸು. ಎಲ್ಲ ಮಾಡಿ ನೋಡಿದೆ.”
ವಾಸನೆ ಏನಾದರೂ?
“ಹೂಂ. ಸುಟ್ಟದ್ದು.”
ಹಾಗಿದ್ದರೆ ಸ್ವಿಚ್ಚು ಆರಿಸಿ ಬಿಟ್ಟುಬಿಡಿ ಮೇಡಂ, ಅದು ಹೋಯಿತು.
ಹೋಯಿತು ಅನ್ನುವುದನ್ನು ಹೇಗೆ ಹೇಳಬೇಕೆಂದು
ಇವರು ನನಗೆ ಕಲಿಸಿರಲಿಲ್ಲ.
ಇಬ್ಬರೂ ಒಂದು ಗಳಿಗೆ ಫೋನು ಹಿಡಿದೇ ಇದ್ದೆವು.

ಹನ್ನೊಂದಕ್ಕೆ ಇವರು ಬಂದರು.
ಮೊಣಕೈ ತರಚಿತ್ತು, ತಲೆಯಲ್ಲಿ ಹುಣಸೆ ಎಲೆ.
ಜಗಲಿಯ ಮೇಲೆ ಕೂತರು, ಚಪ್ಪಲಿ ಬಿಡದೆ.
ನಾನೇನೂ ಕೇಳಲಿಲ್ಲ. ಚೆಂಬು ನೀರು ಪಕ್ಕಕ್ಕಿಟ್ಟು ಒಳಗೆ ಬಂದೆ,
ಮುದ್ದೆ ಆರಿತ್ತು, ಸಾರು ಬಿಸಿಗಿಟ್ಟೆ.
ಸಾರು ಕುದಿಯುವ ಹೊತ್ತಿಗೆ ದನಿ ಬಂತು:

“ಎಲ್ಲರ ಮನೇಲೂ ಬಂತಾ?”
ಬಂತು.
“ಯಾರಾದರೂ ಫೋನು?”
ಯಾರೂ ಇಲ್ಲ.

ಹಗಲೆಲ್ಲ ಟ್ರಾನ್ಸ್‌ಫಾರ್ಮರಿನ ಗುಂಯ್‌ಗೆ ಕಿವಿಗೊಡುವ ಮನುಷ್ಯ
ತುತ್ತು ಬಾಯಿಗಿಡುತ್ತಾ ನಿಲ್ಲಿಸಿ ಕತ್ತು ವಾಲಿಸಿದರು.
“ನಮ್ಮ ಫ್ರಿಜ್ಜು ಯಾಕೆ ಮಾತಾಡ್ತಿಲ್ಲ?”

ನನಗೆ ಕೇಳಿಸಿಯೇ ಇರಲಿಲ್ಲ.
ಇರಲಿ, ಮೊದಲು ಉಣ್ಣಿ.